ಹಡಗಿನ ಹುಡುಗಿಗೆ ಮೂರನೇ ದಿನದ ಎಡೆ

ಆಕಾಶದಲ್ಲಿ ಹೋಗುತ್ತಿದ್ದ ಒಬ್ಬ ಹುಡುಗಿಯನ್ನು ನಾನು ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೂತು ಬಾಯಲ್ಲೇ ಸಾಯಿಸಿಬಿಟ್ಟಿದ್ದೆ. ಸಾಯಿಸಿದ್ದಷ್ಟೇ ಅಲ್ಲ, ನಾಲ್ಕು ಜನ ಹೆಂಗಸರು ಸೇರಿ ಅವಳಿಗೆ ಮೂರನೇ ದಿನದ ಎಡೆಯನ್ನೂ ಇಟ್ಟೆವು. ಕಾಗೆ ಬಂದು ಮುಟ್ಟಿತು ಬೇರೆ. ನಗುವವರು ನಗಬಹುದು, ಆದರೆ ಪೂರ್ತಿ ಕೇಳಿದ ಮೇಲೆ ನಗಿ. ನನ್ನ ಆ ಒಂದು ಮಾತಿನಿಂದ ಒಬ್ಬ ತಾಯಿಯ ಬಾಯಿ ಕಟ್ಟಿಹೋಗಿತ್ತು.

ಆಗ ನಾನು ಮಂಡಿಗೆ ಅಡಿಕೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಸಿಮೆಂಟ್ ನೆಲದ ಮೇಲೆ ಚೀಲ ಸುರಿಯುತ್ತಾರೆ. ನಾವು ಸುತ್ತ ಕೂತು ಒಳ್ಳೆಯ ಅಡಿಕೆಯನ್ನು ಒಂದು ಕಡೆ, ಹಣ್ಣಾಗಿ ಉದುರಿದ ಗೊರಬಲನ್ನು ಇನ್ನೊಂದು ಕಡೆ, ಒಡಕು ಹುಳುಕನ್ನು ಮತ್ತೊಂದು ಕಡೆ ಮಾಡಬೇಕು. ಕೈಗೂ ಕಣ್ಣಿಗೂ ಕೆಲಸ, ಬಾಯಿಗೂ ಕಿವಿಗೂ ಏನೂ ಇಲ್ಲ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದೂವರೆವರೆಗೆ ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಅಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಊರಿನಿಂದಲೇ ಕರೆಯುವುದು. ನಮ್ಮ ಗುಂಪಿನಲ್ಲಿ ನಾವು ನಾಲ್ವರು. ಹೊನ್ನಾಳಿಯವಳು ನನ್ನ ವಾರಗೆಯವಳು, ಎದುರು ಮಾತಾಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ನ್ಯಾಮತಿ ಆಪಾ ಸಮಾಧಾನದ ಹೆಂಗಸು, ಗಂಡ ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದರು. ನಮಗೆಲ್ಲ ಹಿರಿಯಳು ಜಗಳೂರಕ್ಕ. ಅರವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡ ಮೇಲೆ ಮಗನಿಗೆ ಕೆಲಸವಿದ್ದ ಊರೆಂದು ಚನ್ನಗಿರಿಗೆ ಬಂದವಳು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಸುಮ್ಮನೆ ಕೂರಲಾರದೆ ಮಂಡಿಗೆ ಬರುತ್ತಿದ್ದಳು. ನಾನು ಇದೇ ಊರಿನವಳಾದ್ದರಿಂದ ನನಗೆ ಊರಿನ ಹೆಸರು ಸಿಗಲಿಲ್ಲ. ನನ್ನನ್ನು ‘ರೇಡಿಯೋ’ ಅನ್ನುತ್ತಿದ್ದರು.

ಒಮ್ಮೆ ಫೋನಿಗೆ ಕರೆನ್ಸಿ ಹಾಕಿಸಿದಾಗ ಸಿನಿಮಾ ನೋಡುವ ಆ್ಯಪ್ ಒಂದು ಪುಕ್ಕಟೆ ಬಂತು. ಅದರಲ್ಲಿ ಕನ್ನಡಕ್ಕೆ ಡಬ್ ಮಾಡಿದ ಆಕಾಶದ ಹಡಗುಗಳ ಕಥೆ ಇತ್ತು. ಭೂಮಿಯಿಂದ ಎರಡು ಹಡಗು ಹೊರಡುತ್ತವೆ. ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ಮಗಳು. ಯಾವ ಹಡಗು ಹತ್ತಬೇಕೆಂದು ಇಬ್ಬರಿಗೂ ಜಗಳವಾಗಿ, ಮಾತು ಬಿಟ್ಟು, ಬೇರೆ ಬೇರೆ ದಿಕ್ಕಿಗೆ ಹೋಗಿರುತ್ತಾರೆ. ಹಡಗುಗಳು ದೂರವಾದಂತೆಲ್ಲ ಒಂದು ಮಾತು ತಲುಪಲು ಮೊದಲು ಒಂದು ದಿನ, ಆಮೇಲೆ ಒಂದು ತಿಂಗಳು, ಆಮೇಲೆ ವರ್ಷ. ಆದರೂ ಪ್ರತಿ ಕಂತಿನ ಕೊನೆಗೆ ಆ ತಾಯಿ ಒಂದು ಯಂತ್ರದ ಮುಂದೆ ಕೂತು ಮಗಳಿಗೆ ಮಾತಾಡಿ ಕಳಿಸುತ್ತಾಳೆ. ಮಗಳಿಂದ ಉತ್ತರ ಬರುವುದಿಲ್ಲ.

ಸಂಜೆ ಅಡುಗೆ ಮಾಡುವಾಗ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿಕೊಂಡು ಒಂದು ಕಂತು ನೋಡುವುದು, ಮರುದಿನ ಮಂಡಿಯಲ್ಲಿ ಹೇಳುವುದು. ಹೀಗೆ ಶುರುವಾಯಿತು. ಟಿವಿಯ ಮನೆಮುರುಕ ಧಾರಾವಾಹಿಗಳಿಗೂ ಇದಕ್ಕೂ ಅಜಗಜಾಂತರ. ಆ ಧಾರಾವಾಹಿಗಳನ್ನು ಆರು ತಿಂಗಳು ಬಿಟ್ಟು ನೋಡಿದರೂ ಸೊಸೆ ಅದೇ ಮೆಟ್ಟಿಲ ಮೇಲೆ ಅದೇ ಸೀರೆಯಲ್ಲಿ ಅಳುತ್ತಿರುತ್ತಾಳೆ, ನಿಮಗೇನೂ ನಷ್ಟವಿಲ್ಲ. ಇದು ಹಾಗಲ್ಲ. ಎರಡನೇ ಕಂತಿನಲ್ಲಿ ಯಾರೋ ಜೇಬಿಗೆ ಹಾಕಿಕೊಂಡ ಒಂದು ಸಣ್ಣ ತಿರುಪು ಹದಿನೆಂಟನೇ ಕಂತಿನಲ್ಲಿ ಇಡೀ ಹಡಗನ್ನು ಉಳಿಸುತ್ತದೆ. ಬರೆದವರು ಮಹಾ ಜಿಪುಣರು, ಒಂದು ಮಾತನ್ನೂ ದಂಡಕ್ಕೆ ಖರ್ಚು ಮಾಡುವುದಿಲ್ಲ. ಇದು ನನಗೆ ಗೊತ್ತಾಗಿದ್ದು ತಡವಾಗಿ, ಆ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಮೊದಲ ವಾರ ಹೊನ್ನಾಳಿಯವಳು ನನ್ನನ್ನು ಅರೆದುಬಿಟ್ಟಳು.

“ಹಡಗು ಎಷ್ಟು ದೊಡ್ಡದು?” ಅಂದಳು.

“ನಮ್ಮ ಸೂಳೆಕೆರೆಯಷ್ಟು ಐತೆ.”

“ಹಂಗಾದ್ರೆ ಅದರ ತೂಬು ಎಲ್ಲೈತೆ?”

“ಕೆರೆ ಅಲ್ಲ ಕಣೇ ಅದು, ಹಡಗು! ತೂಬು ಇಟ್ಕೊಂಡು ಏನು ಮಾಡ್ಲಿ, ಭತ್ತ ನಾಟಿ ಮಾಡ್ಲಾ?”

ನ್ಯಾಮತಿ ಆಪಾಗೆ ಇದ್ದದ್ದು ಬೇರೆಯೇ ಚಿಂತೆ. ಅಲ್ಲಿ ಸೂರ್ಯ ಹುಟ್ಟುವುದೂ ಇಲ್ಲ ಮುಳುಗುವುದೂ ಇಲ್ಲವೆಂದರೆ ನಮಾಜಿನ ಹೊತ್ತು ಹೇಗೆ ಗೊತ್ತಾಗಬೇಕು? “ಗಡಿಯಾರ ಐತೆ ಆಪಾ” ಅಂದೆ. ಆಪಾ ತೃಪ್ತಿಯಾದಂತೆ ತಲೆಯಾಡಿಸಿದರೂ ಅದನ್ನು ನಂಬಲಿಲ್ಲ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಮಾತು ತಲುಪಲು ವರ್ಷ ಹಿಡಿಯುವುದು ಹೇಗೆಂದು ಹೇಳಲು ನಾನು ಹೆಣಗುತ್ತಿದ್ದಾಗ ಜಗಳೂರಕ್ಕನೇ ನನ್ನ ಕೈಹಿಡಿದಳು. “ಲಗ್ನಪತ್ರಿಕೆ ಅಂಚೆಗೆ ಹಾಕಿದ್ದು ಕೂಸು ಹುಟ್ಟಿದ ಮ್ಯಾಲೆ ಬಂದಂಗೆ ಬಿಡ್ರೇ. ಮುಂದೆ ಹೇಳೇ ರೇಡಿಯೋ.”

ಅವಳು ಹಾಗೆಯೇ. ಹಡಗು ಹೇಗೆ ಹಾರುತ್ತದೆ, ಏನು ಉಣ್ಣುತ್ತಾರೆ, ಯಾವುದೂ ಅವಳಿಗೆ ಬೇಡ. ನಾನು ಯುದ್ಧವನ್ನೋ ಬೆಂಕಿಯನ್ನೋ ಕೈಬೀಸಿ ಹೇಳುತ್ತಿದ್ದರೆ ತಲೆ ಬಗ್ಗಿಸಿ ಅಡಿಕೆ ಆರಿಸುತ್ತಿರುತ್ತಿದ್ದಳು. ಕೊನೆಗೆ ತಾಯಿ ಯಂತ್ರದ ಮುಂದೆ ಕೂತಳು ಅಂದ ಕೂಡಲೇ ಅವಳ ಕೈ ನಿಲ್ಲುತ್ತಿತ್ತು. “ಏನಂದ್ಲು? ಇದ್ದದ್ದು ಇದ್ದಂಗೆ ಹೇಳು, ನೀನು ಸೇರಿಸಬ್ಯಾಡ.” ನಾನು ಹೇಳಿದ್ದನ್ನು ತುಟಿಯಲ್ಲೇ ಒಂದು ಸಲ ಅಂದುಕೊಳ್ಳುತ್ತಿದ್ದಳು. ಪಾಠ ಒಪ್ಪಿಸಲು ಬಾಯಿಪಾಠ ಮಾಡುವವರ ಹಾಗೆ. ಯಾಕೆಂದು ನಾನು ಕೇಳಲಿಲ್ಲ. ಕೇಳುವವರು ಸಿಕ್ಕಿದರೆ ಸಾಕು, ಹೇಳುವವರಿಗೆ ಮಿಕ್ಕಿದ್ದು ಕಾಣುವುದಿಲ್ಲ.

ಇಲ್ಲಿ ನನ್ನ ಒಂದು ಕಳ್ಳತನ ಹೇಳಬೇಕು. ಮೊದಲ ಸೀಸನ್‌ನ ಮೂರನೇ ಕಂತನ್ನು ನಾನು ಪೂರ್ತಿ ನೋಡಿರಲಿಲ್ಲ. ಹಡಗಿನ ಡಾಕ್ಟರ್ ಒಬ್ಬ ಯಾವುದೋ ಕೋಣೆಯಲ್ಲಿ ಸಾಲಾಗಿ ಇಟ್ಟ ಗಾಜಿನ ಪೆಟ್ಟಿಗೆಗಳನ್ನು ತೋರಿಸುತ್ತಾ ಮಾತಾಡುತ್ತಾನೆ, ಮಾತಾಡುತ್ತಾನೆ, ಮುಗಿಸುವುದೇ ಇಲ್ಲ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ‘ಥೂ, ಇವನ ಪುರಾಣ ಯಾರಿಗೆ ಬೇಕು’ ಅಂತ ಬೆರಳಿನಿಂದ ಮುಂದಿನ ಕಂತಿಗೆ ಓಡಿಸಿಬಿಟ್ಟೆ. ಮಂಡಿಯಲ್ಲಿ ಮರುದಿನ ನಾಲ್ಕನೇ ಕಂತನ್ನೇ ಮೂರನೆಯದು ಅಂತ ಹೇಳಿದೆ. ಹಗಲಿಡೀ ಅಡಿಕೆಯಲ್ಲಿ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವವಳು ನಾನು, ಕಥೆಯಲ್ಲೂ ಹುಳುಕು ಯಾವುದೆಂದು ನನಗೆ ಗೊತ್ತಾಗುತ್ತದೆ ಅನ್ನುವ ಜಂಬ.

ಎರಡು ಸೀಸನ್ ಮುಗಿಯಿತು. ಮೂರನೆಯದು ಬಂತು ನೋಡಿ, ಅದಕ್ಕೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್. ನನಗೆ ಬಂದ ಸಿಟ್ಟಿಗೆ ಫೋನನ್ನು ಹಿಟ್ಟಿನ ಡಬ್ಬಿಗೆ ಹಾಕಬೇಕು ಅನ್ನಿಸಿತ್ತು. ಪಿಯುಸಿಯಲ್ಲಿ ಇಂಗ್ಲಿಷಿಗೆ ಸರಿಯಾಗಿ ಪಾಸಾಗುವಷ್ಟೇ ಅಂಕ ತೆಗೆದವಳು ನಾನು. ಆದರೆ ಮಂಡಿಯಲ್ಲಿ ಮೂರು ಜನ ಬಾಯಿ ತೆರೆದು ಕಾದಿದ್ದಾರೆ. ‘ನನಗೆ ಅರ್ಥವಾಗಲಿಲ್ಲ’ ಅನ್ನುವ ಎರಡು ಪದ ಈ ಬಾಯಲ್ಲಿ ಬರಲಿಲ್ಲ. ಮುಖ ನೋಡಿ, ಕೈ ನೋಡಿ, ನಡುನಡುವೆ ತಿಳಿದ ಮಾತು ಹೆಕ್ಕಿಕೊಂಡು ಕಥೆ ಕಟ್ಟುತ್ತಾ ಹೋದೆ. ಅರ್ಧ ಅವರದ್ದು, ಅರ್ಧ ನನ್ನದು. ಯಾರಿಗೂ ಸಂಶಯ ಬರಲಿಲ್ಲ, ಆ ಹೊನ್ನಾಳಿಯವಳಿಗೂ.

ಆ ಸೀಸನ್‌ನ ಐದನೇ ಕಂತಿನಲ್ಲಿ ಮಗಳಿದ್ದ ಹಡಗಿಗೆ ಏನೋ ಕೇಡಾಗುತ್ತದೆ. ಎಲ್ಲರೂ ಅಳುತ್ತಾರೆ. ಆ ಹುಡುಗಿಗೆ ಬಿಳಿ ಬಟ್ಟೆ ಉಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಸುತ್ತ ಜನ ನಿಂತಿರುತ್ತಾರೆ. ಒಬ್ಬಳು ಹಣೆಗೆ ಮುತ್ತಿಟ್ಟು ಮುಚ್ಚಳ ಮುಚ್ಚುತ್ತಾಳೆ, ದೀಪ ಆರುತ್ತದೆ. ಆ ಸಂಜೆಯೇ ಮುಂದಿನ ಎರಡು ಕಂತು ಓಡಿಸಿ ನೋಡಿದೆ, ಹುಡುಗಿಯ ಸುಳಿವೇ ಇಲ್ಲ. ಇದನ್ನು ಸಾವಲ್ಲದೆ ಮತ್ತೇನು ಅನ್ನಬೇಕು, ನೀವೇ ಹೇಳಿ. ಮರುದಿನ ಮಂಡಿಯಲ್ಲಿ ನಾನು ದನಿ ಇಳಿಸಿ, ಸೆರಗು ಬಾಯಿಗೆ ಹಿಡಿದು, ಒಳ್ಳೇ ರಾಗವಾಗಿ ಹೇಳಿದೆ: “ಹುಡುಗಿ ಸತ್ತುಹೋದ್ಲು ಕಣ್ರೇ.”

ಆಪಾ ಏನೋ ಪ್ರಾರ್ಥನೆ ಪಿಸುಗುಟ್ಟಿದರು. ಹೊನ್ನಾಳಿಯವಳು ಮೊದಲ ಸಲ ಎದುರು ಮಾತಾಡಲಿಲ್ಲ. ಜಗಳೂರಕ್ಕ ಕೈಯಲ್ಲಿದ್ದ ಅಡಿಕೆಯನ್ನು ಯಾವ ಗುಡ್ಡೆಗೂ ಹಾಕದೆ ಹಿಡಿದುಕೊಂಡೇ ಕೂತಳು. ಆಮೇಲೆ ಕೇಳಿದಳು.

“ತಾಯಿ ಕಳಿಸಿದ ಮಾತು ಅವಳಿಗೆ ಮುಟ್ಟಿತ್ತಾ?”

“ಎಲ್ಲಿ ಮುಟ್ಟುತ್ತೆ ಅಕ್ಕಾ? ದಾರಿಯಾಗೇ ಇರುತ್ತೆ ಇನ್ನೂ” ಅಂದೆ ನಾನು. ಈ ಮಾತು ಸರಣಿಯಲ್ಲಿ ಇರಲಿಲ್ಲ. ನನ್ನದೇ ಸ್ವಂತ ಮಸಾಲೆ.

ಎಡೆ ಇಡುವ ಮಾತು ತಮಾಷೆಯಾಗಿಯೇ ಶುರುವಾದದ್ದು. ಮಂಕು ಕವಿದಿತ್ತಲ್ಲ, ಅದನ್ನು ಓಡಿಸಲು ಹೊನ್ನಾಳಿಯವಳು, “ಹಂಗಾದ್ರೆ ನಾಡಿದ್ದಿಗೆ ಮೂರನೇ ದಿನ. ಹೆತ್ತೋರು ಕೋಟಿ ಮೈಲಿ ದೂರ ಅವ್ರೆ, ನಾವೇ ಎಡೆ ಇಡಬೇಕು” ಅಂದಳು. ನಾವು ನಕ್ಕೆವು. ಮೂರನೇ ದಿನ ಅವಳು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಳು. ಹಡಗಿನಲ್ಲಿ ಊಟಕ್ಕೆ ಬರೀ ಗುಳಿಗೆ ನುಂಗುತ್ತಿದ್ದ ಹುಡುಗಿ ಅಂತ ನಾಲ್ಕು ಪೆಪ್ಪರಮೆಂಟನ್ನೂ ತಂದಿದ್ದಳು. ಆಪಾ ಒಂದು ಬಾಳೆಹಣ್ಣು ತಂದರು. ಮಧ್ಯಾಹ್ನ ಊಟದ ಹೊತ್ತಿಗೆ ಮಂಡಿಯ ಹಿಂದಿನ ಕಾಂಪೌಂಡಿನ ಮೇಲೆ ಮುತ್ತುಗದ ಎಲೆ ಹಾಕಿ ಎಲ್ಲ ಇಟ್ಟೆವು. ಆಗ ಜಗಳೂರಕ್ಕ ತನ್ನ ಬುತ್ತಿಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಐದು ತಂಬಿಟ್ಟಿನ ಉಂಡೆ, ಅವತ್ತೇ ಮಾಡಿದ್ದು, ತುಪ್ಪದ ಘಮ.

“ಇದ್ಯಾಕಕ್ಕಾ?” ಅಂದೆ.

“ಅವಳಿಗೆ ಇಷ್ಟ” ಅಂದಳು.

ಹಡಗಿನ ಹುಡುಗಿ ತಂಬಿಟ್ಟಿನ ಮುಖವನ್ನೇ ಕಂಡವಳಲ್ಲ. ನಾನು ಹೇಳಿದ ಕಥೆಯಲ್ಲಿ ತಂಬಿಟ್ಟು ಎಲ್ಲೂ ಬಂದಿಲ್ಲ. ಅಷ್ಟು ಹೊತ್ತಿಗೆ ಕಾಗೆ ಬಂದು ಎಲ್ಲಕ್ಕಿಂತ ಮೊದಲು ಮಿರ್ಚಿಯನ್ನು ಕಚ್ಚಿಕೊಂಡು ಹೋಯಿತು, ಹೊನ್ನಾಳಿಯವಳು ಚಪ್ಪಾಳೆ ತಟ್ಟಿದಳು, ನಾನೂ ನಕ್ಕೆ. ಜಗಳೂರಕ್ಕ ಕೈಮುಗಿದು ನಿಂತಿದ್ದಳು. ಕಾಗೆ ಮತ್ತೆ ಬಂದು ಉಂಡೆ ಮುಟ್ಟುವವರೆಗೂ ಕದಲಲಿಲ್ಲ.

ಅಲ್ಲಿಂದಾಚೆ ಅವಳು ಬದಲಾದಳು. ನಮ್ಮ ಸುತ್ತಿನಿಂದ ಸ್ವಲ್ಪ ದೂರ, ಬಾಗಿಲ ಹತ್ತಿರ ಕೂರತೊಡಗಿದಳು. ಬೆಳಕು ಚೆನ್ನಾಗಿ ಬರುತ್ತದೆ ಅನ್ನುವ ನೆಪ. ‘ಮುಂದೆ?’ ಅನ್ನುವುದನ್ನು ಬಿಟ್ಟಳು. ಕಣ್ಣುಮುಚ್ಚಿಕೊಂಡರೂ ತಪ್ಪಿಲ್ಲದೆ ಅಡಿಕೆ ಆರಿಸುತ್ತಿದ್ದವಳ ಒಳ್ಳೆ ಗುಡ್ಡೆಯಲ್ಲಿ ಗೊರಬಲು ಸೇರತೊಡಗಿ ಮಂಡಿಯ ಲೆಕ್ಕ ಬರೆಯುವ ರೈಟರ್ ಎರಡು ಸಲ ಬಂದು ಗದರಿದ. ನಾನು ಸಿಟ್ಟುಮಾಡಿಕೊಂಡೆ. ಅವನ ಮೇಲಲ್ಲ, ಅಕ್ಕನ ಮೇಲೆ. ಒಂದು ಕಥೆಗೆ ಇಷ್ಟು ಮುನಿಸೇ? ನಾನೇನು ನಿಜವಾಗಿ ಸಾಯಿಸಿದೆನಾ? ಮಿಕ್ಕ ಕಂತುಗಳನ್ನು ಹಟಕ್ಕೆ ಬಿದ್ದು ಜೋರಾಗಿ ಹೇಳಿದೆ. ಆದರೆ ಅವಳ ಕಿವಿ ಇಲ್ಲದ ಮೇಲೆ ನನ್ನ ಕಥೆಗೂ ಉಪ್ಪು ಖಾರ ಇರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಫೋನು ತೆಗೆದರೆ, ಮೂರನೇ ಸೀಸನ್ ಕನ್ನಡದಲ್ಲಿ ಬಂದಿದೆ, ನಾಲ್ಕನೆಯದೂ ಜೊತೆಗೇ ಬಂದಿದೆ. ಸಾರಿಗೆ ಒಗ್ಗರಣೆ ಕೊಡುವುದನ್ನು ಬಿಟ್ಟು ಐದನೇ ಕಂತನ್ನೇ ಹಾಕಿದೆ. ಹುಡುಗಿಯ ಹಣೆಗೆ ಮುತ್ತಿಟ್ಟವಳು ಅಚ್ಚ ಕನ್ನಡದಲ್ಲಿ ಹೇಳುತ್ತಾಳೆ: ನಿದ್ದೆ ಮಾಡು, ನಿನ್ನ ತಾಯಿಯ ಹಡಗು ತಿರುಗಿ ಹತ್ತಿರ ಬಂದಾಗ ಎಬ್ಬಿಸುತ್ತೇವೆ.

ಅಲ್ಲಿಂದ ಬೆರಳು ತಾನಾಗಿಯೇ ಮೊದಲ ಸೀಸನ್‌ನ ಮೂರನೇ ಕಂತಿಗೆ ಹೋಯಿತು. ಆ ಡಾಕ್ಟರ್ ಮಹಾಶಯ ಅಷ್ಟು ಹೊತ್ತು ಹೇಳುತ್ತಿದ್ದದ್ದು ಇದನ್ನೇ. ಈ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದವರು ಸತ್ತವರಲ್ಲ, ವಯಸ್ಸೇ ಆಗದೆ ವರ್ಷಗಟ್ಟಲೆ ನಿದ್ದೆ ಮಾಡುವವರು. ನೋಡುವವರಿಗೆ ಸತ್ತ ಹಾಗೆ ಕಾಣುತ್ತದೆ, ಹೆದರಬೇಡಿ. ಹೆದರಬೇಡಿ ಅಂತ ಬೇರೆ! ಎರಡು ಸೀಸನ್ ಮೊದಲೇ ಕೈಗೆ ಬೀಗದ ಕೈ ಕೊಟ್ಟಿದ್ದಾರೆ, ನಾನು ಅನ್ನ ಉಕ್ಕಿತೆಂದು ಅದನ್ನು ಹಿತ್ತಲಿಗೆ ಎಸೆದಿದ್ದೇನೆ. ನಾಲ್ಕನೇ ಸೀಸನ್‌ನಲ್ಲಿ ಹುಡುಗಿ ಕಣ್ಣು ಬಿಟ್ಟು ಎದ್ದಳು. ಎದ್ದವಳು ಮೊದಲು ಮಾಡಿದ್ದು ತಾಯಿಯ ಮಾತುಗಳನ್ನು ಒಂದೊಂದಾಗಿ ಕೇಳಿದ್ದು. ಅಷ್ಟೂ ಅವಳಿಗೆ ಬಂದು ತಲುಪಿದ್ದವು.

ಹೇಳಿಬಿಟ್ಟೆ ಅಂದುಕೊಂಡಿರಾ? ಮೂರು ದಿನ ಬಾಯಿ ಬಿಡಲಿಲ್ಲ. ಹೊನ್ನಾಳಿಯವಳು ಜನ್ಮವಿಡೀ ಆಡಿಕೊಳ್ಳುತ್ತಾಳೆ ಅನ್ನುವ ಭಯ. ಆದರೆ ಗ್ರಹಚಾರ ನೋಡಿ, ನನ್ನ ಬಾಯಿ ಬಿಡಿಸಿದ್ದೂ ಅವಳೇ. ಕೆಲಸ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು. ಮುಂದೆ ಜಗಳೂರಕ್ಕ ಒಬ್ಬಳೇ ತಲೆ ಬಗ್ಗಿಸಿ ಹೋಗುತ್ತಿದ್ದಳು. “ಅಕ್ಕನಿಗೆ ಏನಾಗೈತೆ ಗೊತ್ತೇನೇ ನಿಂಗೆ?” ಅಂದು ಹೊನ್ನಾಳಿಯವಳು ಎಲ್ಲ ಹೇಳಿದಳು.

ಅಕ್ಕನಿಗೆ ಒಬ್ಬ ಮಗಳಿದ್ದಾಳೆ. ಹನ್ನೊಂದು ವರ್ಷದ ಹಿಂದೆ ತಾನು ಮೆಚ್ಚಿದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ, ಇಬ್ಬರೂ ಆಶೀರ್ವಾದ ಕೇಳಲು ಜಗಳೂರಿನ ಮನೆಗೆ ಬಂದಿದ್ದರಂತೆ. ಬಾಗಿಲಲ್ಲಿ ನಿಂತ ಅಕ್ಕ, ‘ನನ್ನ ಪಾಲಿಗೆ ನೀನು ಸತ್ತಿ’ ಅಂದು, ಅವರ ಕಣ್ಣೆದುರಿಗೇ ಒಂದು ಕೊಡ ತಣ್ಣೀರು ತಲೆ ಮೇಲೆ ಸುರಿದುಕೊಂಡಳು. ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ ಅದು. ಮಗಳು ತಿರುಗಿ ನೋಡದೆ ಹೋದಳು. ಈಗ ಹೊನ್ನಾಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಬಸ್ಸು ಹತ್ತಿದರೆ ಬುತ್ತಿಯ ರೊಟ್ಟಿ ಆರುವುದರೊಳಗೆ ತಲುಪುವ ಊರು.

“ನಾನೇ ನಂಬರ್ ತಂದುಕೊಟ್ಟೆ” ಅಂದಳು ಹೊನ್ನಾಳಿಯವಳು. “ಓದಾಕೆ ಬರಲ್ಲ ಅಕ್ಕನಿಗೆ. ಮಗಳ ಚಿತ್ರ ಒತ್ತಿ, ಮೈಕ್ ಒತ್ತಿ ಮಾತಾಡು ಅಂತ ಹೇಳಿಕೊಟ್ಟೆ. ನಿನ್ನ ಹಡಗಿನ ತಾಯಿನ್ನ ಕೇಳಿದ ಮ್ಯಾಲೆ ಧೈರ್ಯ ಬಂತು ಅಕ್ಕನಿಗೆ. ಭಾನುವಾರ ಭಾನುವಾರ ಮಾತಾಡಿ ಕಳಿಸ್ತಿದ್ಲು. ಒಂದಕ್ಕೂ ಉತ್ತರ ಇಲ್ಲ. ಆದ್ರೂ ಬಿಟ್ಟಿರಲಿಲ್ಲ. ನೀನು ಆ ಹುಡುಗಿ ಸತ್ಲು ಅಂದೆ ನೋಡು, ಅವತ್ತಿಗೆ ಬಿಟ್ಲು. ಸತ್ತೋರ ಜೊತೆ ಎಷ್ಟು ದಿನ ಮಾತಾಡಾಕೆ ಆಗುತ್ತೆ ಅಂತಾಳೆ.”

ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ತಂಬಿಟ್ಟು ಯಾರಿಗೆ ಇಷ್ಟವೆಂದು ಆಗ ಹೊಳೆಯಿತು. ಮಿರ್ಚಿ ಪೆಪ್ಪರಮೆಂಟು ಇಟ್ಟು ನಾವು ಹಲ್ಲು ಕಿರಿಯುತ್ತಿದ್ದಾಗ ಆ ತಾಯಿ ಬದುಕಿರುವ ಮಗಳಿಗೆ ಎಡೆ ಇಡುತ್ತಿದ್ದಳು. ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಮರುದಿನ ಕೆಲಸ ಶುರುವಾಗುವ ಮೊದಲೇ ಬಾಗಿಲ ಹತ್ತಿರ ಹೋಗಿ ಅಕ್ಕನ ಎದುರು ಕೂತೆ. ಮಿಕ್ಕಿಬ್ಬರೂ ಬಂದರು.

“ಅಕ್ಕಾ, ಆ ಹುಡುಗಿ ಸತ್ತಿಲ್ಲ. ನಾನು ಸುಳ್ಳು ಹೇಳಿದೆ. ಅವ್ರು ಇಂಗ್ಲಿಷಿನಾಗೆ ಮಾತಾಡ್ತಿದ್ರು, ನಂಗೆ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಾಕೆ ನಾಚಿಕೆ ಆತು. ಅವಳನ್ನ ಮಲಗಿಸಿದ್ರು ಅಷ್ಟೇ. ಈಗ ಎದ್ದವಳೆ. ತಾಯಿ ಕಳಿಸಿದ್ದು ಒಂದೂ ಬಿಡದಂಗೆ ಕೇಳ್ಯಾಳೆ.”

“ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!” ಹೊನ್ನಾಳಿಯವಳು ಹಾರಿಬಿದ್ದಳು. “ಬದುಕಿರೋಳಿಗೆ ಎಡೆ ಇಡಿಸಿದೆಯಲ್ಲೇ, ಮಿರ್ಚಿ ಬೇರೆ ತರಿಸಿದೆ!” ಆಪಾ ಅವಳ ಕೈ ಹಿಡಿದು ಕೂರಿಸಿದರು. ಬೈಯಲಿ ಅಂತ ನಾನು ತಲೆ ತಗ್ಗಿಸಿದೆ. ಅಕ್ಕ ಬೈಯಲಿಲ್ಲ. ನನ್ನನ್ನು ನೋಡುತ್ತಾ ನಿಧಾನಕ್ಕೆ ಕೇಳಿದಳು. “ಎಲ್ಲಾನೂ ಕೇಳ್ಯಾಳಾ?”

“ಎಲ್ಲಾನೂ ಅಕ್ಕಾ.”

ಅವಳು ಸೊಂಟದ ಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. “ಇದನ್ನ ನೋಡು. ನಿಂಗೆ ಓದಾಕೆ ಬರುತ್ತಲ್ಲ.”

ಮಗಳ ಚಿತ್ರ ಒತ್ತಿದೆ. ಭಾನುವಾರದ ಧ್ವನಿಗಳು ಸಾಲಾಗಿ ನಿಂತಿದ್ದವು. ಕಳಿಸಿದ್ದು ಮುಟ್ಟಿದರೆ ಎರಡು ಗೀಟು ಬರುತ್ತವೆ, ಎದುರಿನವರು ನೋಡಿದರೆ ಆ ಗೀಟು ನೀಲಿಯಾಗುತ್ತವೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಇಲ್ಲಿ ಗೀಟೆಲ್ಲ ಬೂದಿ ಬಣ್ಣದವು. “ನಾನು ಆವಾಗ್ಲೇ ನೋಡಿದ್ದೆ ಬಿಡು, ನೀಲಿ ಆಗಿಲ್ಲ” ಅಂದಳು ಹೊನ್ನಾಳಿಯವಳು ಮೆಲ್ಲಗೆ. ಆದರೆ ನನ್ನ ಕಣ್ಣು ಗೀಟಿನ ಮೇಲೆ ನಿಲ್ಲಲಿಲ್ಲ. ನೋಡಿದ್ದು ತಿಳಿಯದಂತೆ ಗೀಟನ್ನು ಬೂದಿಯಾಗಿಯೇ ಇಡುವ ಉಪಾಯ ಫೋನಿನಲ್ಲಿದೆ, ನಾನೇ ಅತ್ತಿಗೆಗೆ ಹೆದರಿ ಮಾಡಿಟ್ಟುಕೊಂಡಿದ್ದೇನೆ. ಧ್ವನಿಗೆ ಮಾತ್ರ ಆ ಉಪಾಯ ನಡೆಯುವುದಿಲ್ಲ. ಕೇಳಿದರೆ ಪಕ್ಕದಲ್ಲಿರುವ ಸಣ್ಣ ಮೈಕ್‌ನ ಗುರುತು ನೀಲಿಯಾಗಿಯೇ ತೀರುತ್ತದೆ. ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದೆ. ಎಲ್ಲ ಮೈಕುಗಳೂ ನೀಲಿ. ಒಂದೂ ಬಿಟ್ಟಿರಲಿಲ್ಲ.

“ಅಕ್ಕಾ” ಅಂದೆ. “ಕೇಳ್ಯಾಳೆ ಕಣಕ್ಕಾ. ನಿನ್ನ ಮಗಳು ಎಲ್ಲಾನೂ ಕೇಳ್ಯಾಳೆ.”

ಅಕ್ಕನಿಗೆ ನಂಬಿಕೆ ಬರಲಿಲ್ಲ. ಹೇಗೆಂದು ತೋರಿಸಲು ಹಳೆಯದೊಂದನ್ನು ಒತ್ತಿದೆ. ಅಕ್ಕನ ದನಿ ಮಂಡಿಯ ಗೋಡೆಗಳಿಗೆ ಬಡಿಯಿತು: ‘ಮಗಾ, ಈ ವಾರ ಏನಾತು ಅಂದ್ರೆ, ಹಡಗಿನ ತಾಯಿ ಬೆಳಿಗ್ಗೆ ಎದ್ದು ಜೋಳದ ರೊಟ್ಟಿ ಬಡಿದ್ಲು. ಬಡಿದು ಬುಟ್ಟಿಯಾಗಿಟ್ಟು, ಮಗಳಿದ್ದಿದ್ರೆ ಬಿಸೀದು ತಿಂತಿದ್ಲು ಅಂತ ಕೂತ್ಲು...’ ನಾನು ಬೆಪ್ಪಾದೆ. ನಾನು ಹೇಳಿದ ಕಥೆಯನ್ನೇ ಅವಳು ವಾರವಾರ ಮಗಳಿಗೆ ಹೇಳುತ್ತಿದ್ದಳು. ತನ್ನ ಬಗ್ಗೆ ಒಂದು ಮಾತಿಲ್ಲ, ಬರೀ ಹಡಗಿನ ತಾಯಿಯ ಬಗ್ಗೆ. ನನಗೆ ‘ಸೇರಿಸಬ್ಯಾಡ’ ಅಂತ ತಾಕೀತು ಮಾಡುತ್ತಿದ್ದವಳು ಆಕಾಶದ ಹಡಗಿನಲ್ಲಿ ಜೋಳದ ರೊಟ್ಟಿಯನ್ನೇ ಸೇರಿಸಿದ್ದಳು! ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅವಳು ನನಗಿಂತ ಚೆನ್ನಾಗಿ ಹೇಳಿದ್ದಳು.

ಕೊನೆಯದನ್ನು ಒತ್ತಬಾರದಿತ್ತು, ಒತ್ತಿದೆ. ‘ಆ ಹುಡುಗಿ ಸತ್ತಳಂತೆ ಮಗಾ. ಕಥೆ ಮುಗೀತು. ಇನ್ನು ನಾನು ಹೇಳಾಕೆ ಏನೂ ಇಲ್ಲ.’ ಅದರ ಮೈಕೂ ನೀಲಿಯಾಗಿತ್ತು.

ಅಕ್ಕ ಎದೆ ಹಿಡಿದುಕೊಂಡಳು. “ಇದನ್ನೂ ಕೇಳ್ಯಾಳಾ? ಅಯ್ಯೋ ಶಿವನೇ. ‘ಸತ್ತಿ’ ಅಂತ ಎರಡನೇ ಸಲ ಅಂದಂಗಾತಲ್ಲೇ ನಾನು ಅವಳಿಗೆ!”

“ನಾನು ಹೇಳ್ತೀನಿ ಅಕ್ಕಾ, ತಪ್ಪು ನಂದು ಅಂತ ನಾನೇ ಮಾತಾಡಿ ಕಳಿಸ್ತೀನಿ.” 

ನಾನು ಫೋನಿಗೆ ಬಾಯಿ ಹಚ್ಚಲು ಹೋದೆ. ಅಕ್ಕ ಕಿತ್ತುಕೊಂಡಳು.

“ನಿನ್ನ ತಪ್ಪು ನೀನು ಮೂರು ಜನರ ಮುಂದೆ ಒಪ್ಕೊಂಡೆ. ನಂದು ಯಾರು ಒಪ್ಕೋಬೇಕು? ಇಷ್ಟು ವಾರ ಹಡಗಿನ ಕಥೆ ಹೇಳಿದ್ನಲ್ಲ, ಆ ಒಂದು ಮಾತು ವಾಪಸ್ ತಗಂಡ್ನಾ ನಾನು?”

ಅವಳು ಎದ್ದು ದೂರ ಹೋಗಲಿಲ್ಲ. ನಮ್ಮ ಮುಂದೆಯೇ ಮೈಕ್ ಒತ್ತಿದಳು. ಆಪಾ ಅವಳ ಮೊಣಕೈ ಹಿಡಿದುಕೊಂಡರು.

“ಮಗಾ, ಆ ಹುಡುಗಿ ಸತ್ತಿಲ್ಲ. ಹೇಳಿದೋಳು ತಪ್ಪು ಹೇಳಿದ್ಲು, ಇವತ್ತು ಒಪ್ಕೊಂಡ್ಲು. ನಾನು ಅವತ್ತು ಬಾಗಿಲಾಗೆ ನಿಂತು ಅಂದಿದ್ದೂ ತಪ್ಪು. ನೀರು ಹೊಯ್ಕೊಂಡಿದ್ದೂ ತಪ್ಪು. ಹನ್ನೊಂದು ವರ್ಷ ಆತು, ಆ ತಣ್ಣೀರು ನನ್ನ ಮೈ ಮ್ಯಾಲಿಂದ ಇನ್ನೂ ಆರಿಲ್ಲ. ಇಷ್ಟೇ ಹೇಳಾಕೆ ಇದ್ದಿದ್ದು.”

ಬೆರಳು ತೆಗೆದಳು. ಹೋಯಿತು. ಆಮೇಲೆ ನಾವು ನಾಲ್ವರೂ ಸುತ್ತ ಕೂತು ಅಡಿಕೆ ಆರಿಸಿದೆವು. ಅಕ್ಕ ತನ್ನ ಹಳೆಯ ಜಾಗಕ್ಕೆ ಬಂದಿದ್ದಳು. ಹತ್ತು ನಿಮಿಷಕ್ಕೊಮ್ಮೆ ಫೋನು ನೋಡುವುದು, ಮೈಕು ಬೂದಿಯಾಗಿಯೇ ಇರುವುದು. ಸಂಜೆಯಾದರೂ ಅದು ಹಾಗೆಯೇ ಇತ್ತು.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಫೋನು ಟಿಂಗ್ ಅಂದಿತು. ಅಕ್ಕನ ಕೈ ಪಲ್ಯದಲ್ಲಿತ್ತು. “ಒತ್ತೇ ನೀನು” ಅಂದಳು ನನಗೆ. ಒತ್ತಿದೆ. ಹಿಂದೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು, ಅದು ನಿಂತಿತು. ಆಮೇಲೆ ನಾವು ಯಾರೂ ಕೇಳಿರದ ಒಂದು ದನಿ, ಆದರೆ ಎಳೆಯುವ ರೀತಿ ಥೇಟ್ ಅಕ್ಕನದೇ.

“ಅವ್ವಾ... ಅವಳು ಸತ್ತಿಲ್ಲ ಅಂತ ನಂಗೆ ಗೊತ್ತಿತ್ತು. ನೀನು ಹೇಳೋದು ಬಿಟ್ಟ ಮ್ಯಾಲೆ ನಾನೇ ಹುಡುಕಿ ಮೊದಲಿಂದ ನೋಡ್ದೆ. ನೀನು ಹೇಳಿದಂಗೆ ಇಲ್ಲ ಅದು.” ಹೊಲಿಗೆ ಯಂತ್ರ ಒಂದು ಸುತ್ತು ತಿರುಗಿ ಮತ್ತೆ ನಿಂತಿತು. “ಅದ್ರಾಗೆ ಆ ತಾಯಿ ರೊಟ್ಟಿನೇ ಬಡಿಯಲ್ಲ ಅವ್ವಾ.”

ಹೊನ್ನಾಳಿಯವಳು ಗೊಳೋ ಅಂತ ಅಳತೊಡಗಿದಳು, ಆಪಾ ಅವಳನ್ನು ಸುಮ್ಮನಾಗಿಸಲು ಹೋಗಿ ತಾವೂ ಅತ್ತರು. ಅಕ್ಕ ಅಳಲಿಲ್ಲ. ಪಲ್ಯದ ಕೈಯಲ್ಲೇ ನನ್ನಿಂದ ಫೋನು ತೆಗೆದುಕೊಂಡು ಮೈಕ್ ಒತ್ತಿದಳು.

“ನೀ ಬಾ. ನಾನು ಬಡೀತೀನಿ.”